ಒಂದೇ ಸೀರೆ, ಎರಡು ಸರ್ಕಾರ

ರಾಯದುರ್ಗದಿಂದ ಮೊಳಕಾಲ್ಮೂರಿನ ಕಡೆ ಹೊರಟರೆ ಆಂಧ್ರ ಎಲ್ಲಿ ಮುಗಿಯಿತು, ಕರ್ನಾಟಕ ಎಲ್ಲಿ ಶುರುವಾಯಿತು ಎಂಬುದನ್ನು ಬೋರ್ಡು ನೋಡಿಯೇ ಹೇಳಬೇಕು. ಬಂಡೆಗುಡ್ಡ ಅದೇ, ಕೆಂಪು ನೆಲ ಅದೇ, ಶೇಂಗಾ ಹೊಲ ಅದೇ. ಎರಡೂ ಕಡೆಯ ಅಂಗಡಿಗಳಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು ನಡೆಯುತ್ತದೆ. ನೇಕಾರರ ಓಣಿಗೆ ಹೋದರೆ ಕೇಳುವ ಸದ್ದೂ ಒಂದೇ. ಕಾಲು ಒತ್ತಿದಾಗ ಮೇಲಿನ ಜಕಾರ್ಡು ಕಟಕ್ಕನೆ ಎದ್ದು, ಲಾಳಿ ಸರ್ರನೆ ಓಡಿ, ಹಣಿಗೆ ಬಂದು ದಪ್ಪನೆ ಬಡಿಯುವ ಸದ್ದು.

ವ್ಯತ್ಯಾಸ ಇದ್ದದ್ದು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ. 2019ರ ಡಿಸೆಂಬರ್ 21ರಂದು ಧರ್ಮಾವರದಲ್ಲಿ ಆಂಧ್ರದ ಅಂದಿನ ಮುಖ್ಯಮಂತ್ರಿ ವೈ.ಎಸ್. ಜಗನ್‌ಮೋಹನ ರೆಡ್ಡಿ 'ವೈಎಸ್ಆರ್ ನೇತನ್ನ ನೇಸ್ತಂ' ಯೋಜನೆಗೆ ಚಾಲನೆ ಕೊಟ್ಟರು. ಸ್ವಂತ ಮಗ್ಗವಿರುವ ಪ್ರತಿ ನೇಕಾರ ಕುಟುಂಬಕ್ಕೆ ವರ್ಷಕ್ಕೆ 24,000 ರೂಪಾಯಿ, ನೇರ ಖಾತೆಗೆ. ಮಗ್ಗವನ್ನು ದುರಸ್ತಿ ಮಾಡಿಸಿ, ಹೊಸ ಸಲಕರಣೆ ಹಾಕಿಸಿಕೊಂಡು, ವಿದ್ಯುತ್ ಮಗ್ಗದ ಎದುರು ಹೇಗಾದರೂ ನಿಲ್ಲಲಿ ಎಂಬುದು ಉದ್ದೇಶ. ಕರ್ನಾಟಕದಲ್ಲಿ 2020ರಲ್ಲಿ ಕೊರೊನಾ ಲಾಕ್‌ಡೌನಿನ ಹೊತ್ತಿಗೆ 'ನೇಕಾರ ಸಮ್ಮಾನ್' ಬಂತು. ಮೊದಲು ವರ್ಷಕ್ಕೆ 2,000 ರೂಪಾಯಿ, 2022ರಲ್ಲಿ ಅದನ್ನು 5,000ಕ್ಕೆ ಏರಿಸಿದರು. ಲೆಕ್ಕ ಹಾಕಿದರೆ ಆಗ ಗಡಿಯ ಆಚೆಯ ಮಗ್ಗಕ್ಕೆ ತಿಂಗಳಿಗೆ 2,000, ಈಚೆಯದಕ್ಕೆ 400 ಚಿಲ್ಲರೆ. ಬೀಗರು, ನೆಂಟರು, ಮಜೂರಿ ಕೊಡುವ ಸಾವುಕಾರ ಎಲ್ಲ ಎರಡೂ ಕಡೆ ಹಂಚಿಹೋಗಿರುವ ಸೀಮೆಯಲ್ಲಿ ಇದು ಮದುವೆಮನೆಯ ಊಟದ ಪಂಕ್ತಿಯಲ್ಲಿ ಚರ್ಚೆಯಾಗದೇ ಇರಲು ಸಾಧ್ಯವಿತ್ತೇ?

ಹಾಗೆಂದು ಆಚೆಯವರು ಗೆದ್ದರು ಎಂದುಕೊಂಡರೆ ಅವಸರವಾದೀತು. ಸರ್ಕಾರದ ಸಹಾಯಧನ ಮಗ್ಗಕ್ಕೆ ಬಂದರೆ ಮಗ್ಗದ ಮುಂದೆ ಕೂತವನಿಗೆ ಬಂದಂತೆ ಆಗುತ್ತದೆಯೇ ಎಂಬುದು ರಾಯದುರ್ಗ, ಮಡಕಶಿರಗಳಲ್ಲಿ ನಿಂತು ನೋಡಿದಾಗ ಅಷ್ಟು ಸಲೀಸಾದ ಪ್ರಶ್ನೆಯಲ್ಲ.

ಮೊದಲು ಈ ಎರಡು ಊರುಗಳ ಬಗ್ಗೆ ಒಂದು ಮಾತು. ಇವು ಅಕ್ಕಪಕ್ಕದವಲ್ಲ. ರಾಯದುರ್ಗ ಬಳ್ಳಾರಿ, ಚಿತ್ರದುರ್ಗಗಳಿಗೆ ಅಂಟಿಕೊಂಡಿದೆ. ಮಡಕಶಿರ ತೆಂಕಣಕ್ಕೆ, ತುಮಕೂರು ಸೀಮೆಯೊಳಕ್ಕೆ ಚಾಚಿಕೊಂಡಿದೆ. ನಡುವೆ ಪಾವಗಡ ಎಂಬ ಕರ್ನಾಟಕದ ತಾಲ್ಲೂಕು ಆಂಧ್ರದೊಳಗೆ ಹೊಕ್ಕು ಕೂತಿದೆ. ನಕ್ಷೆಯಲ್ಲಿ ಇಲ್ಲಿನ ಗಡಿ ನೋಡಿದರೆ, ಎಳೆದವರಿಗೆ ಕೈ ನಡುಗುತ್ತಿತ್ತೇನೋ ಅನ್ನಿಸುತ್ತದೆ. ಒಂದು ಕಾಲಕ್ಕೆ ರಾಯದುರ್ಗ, ಮಡಕಶಿರ ಎರಡೂ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾದಾಗ ಮಡಕಶಿರ ಅತ್ತ ಹೋಯಿತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರುಗಳ ಜತೆ ಆಂಧ್ರ ಸೇರಿತು. ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಇತ್ತೀಚೆಗೆ, 2022ರ ಏಪ್ರಿಲ್‌ನಲ್ಲಿ ಮಡಕಶಿರ ಮತ್ತೆ ಜಿಲ್ಲೆ ಬದಲಿಸಿ ಶ್ರೀ ಸತ್ಯಸಾಯಿ ಜಿಲ್ಲೆಯದಾಯಿತು. ಹಳಬರ ಬಾಯಲ್ಲಿ ಎರಡೂ ಇನ್ನೂ ಅನಂತಪುರವೇ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಆಡುವ ಈ ಜನಕ್ಕೆ ಯೋಜನೆಯ ಅರ್ಜಿಯೂ ತೆಲುಗಿನಲ್ಲೇ ಬರುತ್ತದೆ. ಅದನ್ನು ತುಂಬುವುದು ಅವರಿಗೇನೂ ಕಷ್ಟವಲ್ಲ. ಕಷ್ಟ ಇರುವುದು ಅರ್ಜಿಯ ಖಾನೆಗಳಲ್ಲಿ.

ಸಲಕರಣೆ ಎಂದರೆ ಏನು ಎಂಬುದನ್ನು ಮಗ್ಗದ ಪಕ್ಕ ನಿಂತು ನೋಡಬೇಕು. ಹಳೇ ಮನೆಗಳಲ್ಲಿ ಇರುವುದು ಗುಂಡಿಮಗ್ಗ. ನೆಲದಲ್ಲಿ ಮೊಳಕಾಲುದ್ದದ ಗುಂಡಿ. ನೇಕಾರ ಅದರ ಅಂಚಿನಲ್ಲಿ ಕೂತು ಕಾಲು ಇಳಿಬಿಡುತ್ತಾನೆ. ಎದೆಯ ಮಟ್ಟಕ್ಕೆ ನೇಯ್ದ ಬಟ್ಟೆ ಸುತ್ತಿಕೊಳ್ಳುವ ದೋಣಿ, ಎದುರಿಗೆ ಚಾಚಿದ ಹಾಸು, ತಲೆಯ ಮೇಲೆ ಜಕಾರ್ಡು. ತೂತು ಕೊರೆದ ರಟ್ಟಿನ ಕಾರ್ಡುಗಳನ್ನು ಹಾರದ ಹಾಗೆ ಪೋಣಿಸಿ ಅದಕ್ಕೆ ನೇತುಹಾಕಿರುತ್ತಾರೆ. ಅಂಚಿನ ಹಂಸವೋ ಮಾವಿನಕಾಯಿಯೋ ಎಲ್ಲಿ ಎಷ್ಟು ಎಳೆ ಏಳಬೇಕು ಎಂಬುದು ಆ ತೂತುಗಳಲ್ಲಿದೆ. ಕಾಲಡಿಯ ಹಲಗೆ ಒತ್ತಿದ ಪ್ರತಿ ಸಲ ಒಂದು ಕಾರ್ಡು ತಿರುಗುತ್ತದೆ, ಎಳೆಗಳು ತಮ್ಮ ತೂಕದ ಗುಂಡುಗಳ ಸಮೇತ ಮೇಲೇಳುತ್ತವೆ. ಆ ತೂಕ ಎತ್ತುವುದು ಒಂದು ಕಾಲು.

ಇಲ್ಲಿ ಒಂದು ಸಣ್ಣ ಲೆಕ್ಕ. ಇಂಚಿಗೆ 70 ಹೊಕ್ಕು ಎಂದು ಹಿಡಿಯಿರಿ. ಆರು ಗಜದ ಸೀರೆ ಎಂದರೆ 216 ಇಂಚು. ಒಂದು ಸೀರೆ ಮುಗಿಯುವ ಹೊತ್ತಿಗೆ ಲಾಳಿ ಓಡಿದ್ದು 15,000 ಸಲ, ಕಾಲು ಒತ್ತಿದ್ದೂ ಅಷ್ಟೇ ಸಲ. ತಿಂಗಳಿಗೆ ನಾಲ್ಕು ಸೀರೆ ಎಂದರೂ ಅರವತ್ತು ಸಾವಿರ. ಇಪ್ಪತ್ತು ವರ್ಷ ಹೀಗೆ ಮಾಡಿದವರ ಮಂಡಿ ಏನಾಗಿರುತ್ತದೆ ಎಂದು ಹೇಳಲು ಮೂಳೆ ಡಾಕ್ಟರೇ ಬೇಕಿಲ್ಲ. ಗುಂಡಿಮಗ್ಗದ ಇನ್ನೊಂದು ಕಷ್ಟ ಮಳೆಗಾಲ. ಜೋರು ಮಳೆ ಹಿಡಿದರೆ ಗುಂಡಿಯಲ್ಲಿ ನೀರು ಒಸರುತ್ತದೆ, ಹಾಸು ಥಂಡಿ ಹಿಡಿಯುತ್ತದೆ, ಮಗ್ಗ ನಿಲ್ಲುತ್ತದೆ. ಮಗ್ಗ ನಿಂತ ದಿನ ಮಜೂರಿಯೂ ಇಲ್ಲ.

ಹಾಗಾಗಿ ಸಲಕರಣೆಗೆ ಕೊಡುವ ಸಹಾಯಧನವನ್ನು ತಳ್ಳಿಹಾಕುವ ಮಾತೇ ಇಲ್ಲ. ಜಕಾರ್ಡು ಎತ್ತಲು ಒಂದು ಪುಟ್ಟ ಮೋಟಾರು ಕೂರಿಸಿದರೆ ಕಾಲಿಗೆ ಬಿಡುಗಡೆ. ಅರವತ್ತು ದಾಟಿದವರೂ ಮತ್ತೆ ಮಗ್ಗಕ್ಕೆ ಕೂರಬಹುದು. ಕಾಲಿನ ಬಲ ಸಾಲದೆಂದು ಕಂಡಿಕೆ ಸುತ್ತುವುದಕ್ಕಷ್ಟೇ ನಿಂತಿದ್ದ ಹೆಣ್ಣುಮಕ್ಕಳೂ ಸೀರೆ ನೇಯಬಹುದು. ಧರ್ಮಾವರದ ಸುತ್ತಮುತ್ತ ಇಂಥ ಲಿಫ್ಟಿಂಗ್ ಮೆಷಿನ್ನುಗಳು ಈಗ ಅಪರೂಪವಲ್ಲ. ಇಂಥ ಯಂತ್ರ ದೊಡ್ಡ ಪ್ರಯೋಗಾಲಯದಲ್ಲೇ ಹುಟ್ಟಬೇಕೆಂದೂ ಇಲ್ಲ. ತೆಲಂಗಾಣದ ಚಿಂತಕಿಂದಿ ಮಲ್ಲೇಶಂ ಓದಿದ್ದು ಕಡಿಮೆ. ಪೋಚಂಪಳ್ಳಿ ಸೀರೆಯ ನೂಲನ್ನು ಗೂಟಗಳಿಗೆ ಸುತ್ತುವ 'ಆಸು' ಕೆಲಸದಲ್ಲಿ ತಾಯಿಯ ಭುಜ ಸವೆಯುವುದನ್ನು ನೋಡಲಾರದೆ ವರ್ಷಗಟ್ಟಲೆ ಒದ್ದಾಡಿ ಒಂದು ಯಂತ್ರ ಮಾಡಿದರು, ಅದಕ್ಕೆ ತಾಯಿ ಲಕ್ಷ್ಮಿಯ ಹೆಸರನ್ನೇ ಇಟ್ಟರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕೇಂದ್ರ ಸರ್ಕಾರ ಇಂಥ ಸಲಕರಣೆಗೆಂದೇ 2016ರ ಕೊನೆಯಲ್ಲಿ 'ಹಥ್‌ಕರಘಾ ಸಂವರ್ಧನ್ ಸಹಾಯತಾ' ತಂದಿತು. ಹೆಸರು ಹೇಳುವುದರಲ್ಲೇ ಒಂದು ಇಂಚು ನೇಯಬಹುದು, ಇರಲಿ. ಹೊಸ ಮಗ್ಗ, ಜಕಾರ್ಡು, ಡಾಬಿ ಮುಂತಾದವುಗಳ ಬೆಲೆಯಲ್ಲಿ ಶೇ 90 ಕೇಂದ್ರದ್ದು, ಶೇ 10 ನೇಕಾರನದ್ದು. ಕೇಂದ್ರದ ಪಾಲು ನೇಕಾರನ ಕೈಗೆ ಬರುವುದಿಲ್ಲ. ಸಲಕರಣೆ ಪೂರೈಸುವವರ ಖಾತೆಗೆ ನೇರ ಹೋಗುತ್ತದೆ. ಇದರಲ್ಲಿ ಒಳ್ಳೆಯದೂ ಇದೆ. ಹಣ ಬೇರೆ ಖರ್ಚಿಗೆ ಹರಿಯುವುದಿಲ್ಲ, ನಡುವಿನವರು ನುಂಗುವುದೂ ಕಡಿಮೆ. ಆದರೆ ಮಗ್ಗ ಕಾರ್ಖಾನೆಯ ಸಾಮಾನಲ್ಲ. ತಲೆಮಾರುಗಳಿಂದ ಅದನ್ನು ಕೂರಿಸಿದವನು ಊರಿನ ಬಡಗಿ. ನೇಕಾರನ ತೋಳಿನುದ್ದ, ಕೂರುವ ಎತ್ತರ, ಮನೆಯ ಮೂಲೆ ಎಲ್ಲ ಅಳೆದು ಅವನು ಮರ ಕೊಯ್ಯುತ್ತಿದ್ದ. ಪಟ್ಟಿಯಲ್ಲಿ ಹೆಸರಿರುವ ಪೂರೈಕೆದಾರರ ಸಾಲಿಗೆ ಅವನು ಸೇರುವುದು ಕಷ್ಟ. ಹಾಗಾಗಿ ಲಾರಿಯಲ್ಲಿ ಬಂದಿಳಿದ ಮಗ್ಗಕ್ಕೆ ಮನೆ ಹೊಂದಿಕೊಳ್ಳಬೇಕೇ ಹೊರತು ಮನೆಗೆ ಮಗ್ಗ ಹೊಂದಿಕೊಳ್ಳುವುದಿಲ್ಲ.

ಮನೆ ಹೊಂದಿಕೊಳ್ಳುವುದು ಅಂದರೆ ಏನು? ಚೌಕಟ್ಟಿನ ಮಗ್ಗ ನೆಲದ ಮೇಲೆ ನಿಲ್ಲುತ್ತದೆ, ಅದರ ಮೇಲೆ ಜಕಾರ್ಡು ಕೂರಬೇಕು. ಅದಕ್ಕೆ ಸೂರು ಎತ್ತರ ಬೇಕು. ಗುಂಡಿಮಗ್ಗಕ್ಕೆಂದು ಕಟ್ಟಿದ ತಗ್ಗು ಮನೆಯಲ್ಲಿ, ಜಂತೆಗೆ ತಲೆ ತಗಲುವ ಕೋಣೆಯಲ್ಲಿ, ಹೊಸ ಮಗ್ಗ ನಿಲ್ಲುವುದೇ ಇಲ್ಲ. ಇದು ಯೋಜನೆ ಮಾಡಿದವರಿಗೆ ಗೊತ್ತಿಲ್ಲವೆಂದಲ್ಲ. ಕೇಂದ್ರದಿಂದಲೇ ನೇಯ್ಗೆ ಶೆಡ್ಡಿಗೂ 1.2 ಲಕ್ಷ ರೂಪಾಯಿಯವರೆಗೆ ನೆರವಿದೆ. ಬಡತನ ರೇಖೆಯ ಕೆಳಗಿನವರಿಗೆ, ಮಹಿಳೆಯರಿಗೆ, ಪರಿಶಿಷ್ಟರಿಗೆ ಪೂರ್ತಿ, ಉಳಿದವರಿಗೆ ಮುಕ್ಕಾಲು ಪಾಲು. ಆದರೆ ಶೆಡ್ಡು ಕಟ್ಟಲು ಜಾಗ ಬೇಕಲ್ಲ. ಇಕ್ಕಟ್ಟಿನ ಓಣಿಯಲ್ಲಿ, ಬಾಡಿಗೆ ಮನೆಯಲ್ಲಿ ಮಗ್ಗ ಹೂಡಿದವನು ಯಾರ ನೆಲದಲ್ಲಿ ಶೆಡ್ಡು ಎಬ್ಬಿಸುತ್ತಾನೆ? ಒಂದು ಸವಲತ್ತಿಗೆ ಕೈಹಾಕಿದರೆ ಇನ್ನೊಂದು ಕಾಗದ ಬೇಕು, ಆ ಕಾಗದಕ್ಕೆ ಮತ್ತೊಂದು.

ಇನ್ನು ಆ ಶೇ 10ರ ಮಾತು. ಮೂವತ್ತು ಸಾವಿರದ ಸಲಕರಣೆಗೆ ಮೂರು ಸಾವಿರ ಎಂದರೆ ಪಟ್ಟಣದಲ್ಲಿ ಕೂತವರಿಗೆ ಹಗುರ. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನವರ ತಿಂಗಳ ಗಳಿಕೆ ಐದು ಸಾವಿರ ರೂಪಾಯಿ ದಾಟುವುದಿಲ್ಲ. ಅವರಿಗೆ ಮೂರು ಸಾವಿರ ಎಲ್ಲಿಂದ ಬರಬೇಕು? ಬರುವುದು ಸಾವುಕಾರನಿಂದ. ನೂಲು ಕೊಡುವವನೂ ಅವನೇ, ಜರಿ ಕೊಡುವವನೂ ಅವನೇ, ಸೀರೆ ತೆಗೆದುಕೊಳ್ಳುವವನೂ ಅವನೇ. ಮುಂಗಡವೂ ಅವನದೇ ಆದ ಮೇಲೆ ಮುಂದಿನ ಸೀರೆಯ ಮಜೂರಿ ಬಗ್ಗೆ ಬಾಯಿ ಬಿಡುವಂತಿಲ್ಲ. ಸರ್ಕಾರ ಕೊಟ್ಟ ಮಗ್ಗದ ಮೇಲೆ ಸಾವುಕಾರನ ಕೆಲಸ ಇನ್ನಷ್ಟು ಚುರುಕಾಗಿ ನಡೆಯುತ್ತದೆ, ಅಷ್ಟೆ.

ನೇತನ್ನ ನೇಸ್ತಂ ಈ ಗಂಟನ್ನು ಬೇರೆ ಕಡೆಯಿಂದ ಬಿಚ್ಚಲು ನೋಡಿತು. ಸಾಮಾನಿನ ಬದಲು ದುಡ್ಡು. ಬ್ಯಾಂಕು ಹಳೆ ಸಾಲಕ್ಕೆ ಮುರಿದುಕೊಳ್ಳಕೂಡದು ಎಂಬ ಷರತ್ತು ಬೇರೆ. ಗ್ರಾಮ, ವಾರ್ಡು ಸಚಿವಾಲಯಗಳ ಗೋಡೆಯ ಮೇಲೆ ಫಲಾನುಭವಿಗಳ ಪಟ್ಟಿ ಅಂಟಿಸಿ ಆಕ್ಷೇಪಣೆ ಕೇಳಿದರು. ಎರಡನೇ ಕಂತು ಡಿಸೆಂಬರಿಗೆ ಬರಬೇಕಿದ್ದದ್ದು ಆರು ತಿಂಗಳು ಮುಂಚೆ, 2020ರ ಜೂನ್‌ನಲ್ಲೇ ಬಂತು. ಮದುವೆ ನಿಂತು, ಅಂಗಡಿ ಮುಚ್ಚಿ, ನೇಯ್ದ ಸೀರೆ ಗಂಟು ಗಂಟಾಗಿ ಸಾವುಕಾರನ ಮನೆಯಲ್ಲಿ ಬಿದ್ದಿದ್ದ ಕಾಲ ಅದು. ಆಗ ಬಂದ ಇಪ್ಪತ್ತನಾಲ್ಕು ಸಾವಿರದಲ್ಲಿ ಮಗ್ಗಕ್ಕೆ ಹೊಸ ಹಣಿಗೆ ಕೊಂಡಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅವರಿಗೆ ಕೈಮುಗಿಯಬೇಕು. ಹೊಟ್ಟೆ ನಡೆದರೆ ತಾನೇ ಮಗ್ಗ ನಡೆಯುವುದು. ರಾಜ್ಯದಾದ್ಯಂತ ಎಂಬತ್ತು ಸಾವಿರದ ಸುಮಾರು ಕುಟುಂಬಗಳಿಗೆ ಐದು ಕಂತು ಸಂದವು, ಕೊನೆಯದು 2023ರ ಜುಲೈನಲ್ಲಿ. ಐದೂ ಪಡೆದವರಿಗೆ ಒಟ್ಟು 1.2 ಲಕ್ಷ. ಚಿಕ್ಕ ಮೊತ್ತವಲ್ಲ.

ಆದರೆ ಷರತ್ತು ನೆನಪಿರಲಿ: ಸ್ವಂತ ಮಗ್ಗ. ಒಂದು ಮನೆಯಲ್ಲಿ ಎಷ್ಟೇ ಮಗ್ಗವಿದ್ದರೂ ಒಂದೇ ನೆರವು. ಇದನ್ನು ಬರೆದ ಅಧಿಕಾರಿಯ ಮೇಲೆ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಇಪ್ಪತ್ತು ಮಗ್ಗ ಹಾಕಿ ಕೂಲಿಯಿಂದ ನೇಯಿಸುವ ಸಾವುಕಾರ ಇಪ್ಪತ್ತು ಅರ್ಜಿ ಹಾಕಬಾರದು ಎಂಬುದೇ ಅದರ ಉದ್ದೇಶ. ಪರಿಣಾಮ ಮಾತ್ರ ತಿರುಗುಮುರುಗು. ಆ ಇಪ್ಪತ್ತು ಮಗ್ಗಗಳ ಮುಂದೆ ಕೂಲಿಗೆ ಕೂತ ಇಪ್ಪತ್ತು ಜನ ಯೋಜನೆಯ ಕಣ್ಣಿಗೆ ನೇಕಾರರೇ ಅಲ್ಲ. ರೇಷ್ಮೆ ನೇಯುವ ಊರುಗಳಲ್ಲಿ ಕೂಲಿಮಗ್ಗವೆಂಬುದು ಸಣ್ಣ ಸಂಗತಿಯಲ್ಲ. ಒಂದು ಹಾಸಿನಷ್ಟು ರೇಷ್ಮೆ, ಜರಿಯ ಬಂಡವಾಳ ಹೂಡಲಾಗದವನು ಮಗ್ಗ ಮಾರಿ ಕೂಲಿಗೆ ಇಳಿಯುತ್ತಾನೆ. ಎಲ್ಲರಿಗಿಂತ ಬಡವನಾದ ನೇಕಾರ ಎಂದರೆ ಮಗ್ಗವೂ ಇಲ್ಲದ ನೇಕಾರ, ಮತ್ತು ಮಗ್ಗದ ಹೆಸರಿನ ಸಹಾಯಧನ ತಲುಪದೇ ಇರುವುದು ಅವನಿಗೇ. ಅವನ ಹಿಂದೆ ಇನ್ನೂ ಒಂದು ಸಾಲು ಇದೆ: ಹುರಿ ಮಾಡುವವರು, ಬಣ್ಣ ಹಾಕುವವರು, ಹಾಸು ಹೊಯ್ಯುವವರು, ಹಳೆ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೆಚ್ಚುವವರು. ಕೆಚ್ಚುವ ಕೆಲಸ ಬಹುಪಾಲು ಹೆಂಗಸರದು. ಸಾವಿರಾರು ಎಳೆ, ಪ್ರತಿ ಎಳೆಗೂ ಬೂದಿ ಮುಟ್ಟಿಸಿದ ಬೆರಳಿನ ಒಂದು ಹೊಸೆತ. ಇದಕ್ಕೆ ಯಾವ ಸಲಕರಣೆಯೂ ಬೇಡ, ಹಾಗಾಗಿ ಯಾವ ಸಹಾಯಧನವೂ ಇಲ್ಲ.

ನೇಕಾರನಿಗೆ ಸಲಕರಣೆ ಕೊಟ್ಟರೆ ಸಾಕೇ, ಸರ್ಕಾರ ಎಷ್ಟರ ಮಟ್ಟಿಗೆ ಕೈಹಾಕಬೇಕು ಎಂಬ ಜಗಳ ನೂರು ವರ್ಷಕ್ಕೂ ಹಳೆಯದು. ಮದರಾಸು ಸರ್ಕಾರದಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರ್ ಇದ್ದರು. ಮುಂದೆ ಮೈಸೂರಿಗೆ ಬಂದು ಇಲ್ಲಿನ ಕೈಗಾರಿಕಾ ಇಲಾಖೆಯನ್ನು ನಡೆಸಿದವರೂ ಅವರೇ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಅವರು ಸೇಲಂನಲ್ಲಿ ಸರ್ಕಾರಿ ನೇಯ್ಗೆ ಕಾರ್ಖಾನೆ ಶುರುಮಾಡಿದರು. ಕೈಯಿಂದ ಎಸೆಯುವ ಲಾಳಿಯ ಬದಲು ಹಗ್ಗ ಎಳೆದರೆ ಹಾರುವ ಲಾಳಿಯನ್ನು ನೇಕಾರರಿಗೆ ಕಲಿಸಬೇಕು ಎಂಬುದು ಅವರ ಹಂಬಲ. ಲಂಡನ್ನಿನಲ್ಲಿ ಕೂತಿದ್ದ ಭಾರತ ಸಚಿವ ಲಾರ್ಡ್ ಮಾರ್ಲೆಗೆ ಇದು ಹಿಡಿಸಲಿಲ್ಲ. 1910ರ ಜುಲೈನಲ್ಲಿ ಅವರಿಂದ ಆದೇಶ ಬಂತು: ಸುಧಾರಿಸಿದ ವಿಧಾನಗಳನ್ನು ತೋರಿಸಿಕೊಡಲು ಸರ್ಕಾರ ಖರ್ಚು ಮಾಡಬಹುದು, ವ್ಯಾಪಾರಕ್ಕೆ ಇಳಿಯಕೂಡದು. ಸೇಲಂ ಕಾರ್ಖಾನೆ ಮುಚ್ಚಿತು. ಹಾರುವ ಲಾಳಿ ಮಾತ್ರ ಓಣಿಯಿಂದ ಓಣಿಗೆ ಹಬ್ಬಿ ಮನೆಮನೆ ಹೊಕ್ಕಿತು. ಸರ್ಕಾರ ಸಲಕರಣೆ ಕೊಡುತ್ತದೆ, ನೂಲು ಮತ್ತು ಮಾರುಕಟ್ಟೆ ನಿನ್ನ ಪಾಡು ಎಂಬ ಇಂದಿನ ಧೋರಣೆಯಲ್ಲಿ ಆ ಆದೇಶದ ವಾಸನೆ ಇನ್ನೂ ಹೋಗಿಲ್ಲ ಎಂದು ನನ್ನ ಗುಮಾನಿ.

ಬೇರೆ ದಾರಿಯೂ ಇತ್ತು, ಅದೂ ಇದೇ ಸೀಮೆಯಲ್ಲಿ. ಅಂದಿನ ಬಳ್ಳಾರಿ ಜಿಲ್ಲೆಯ ಆದವಾನಿ ತಾಲ್ಲೂಕಿನ ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ನೂಲು ಸಂಘದ್ದು, ಬಣ್ಣ ಸಂಘದ್ದು, ಮಾರುವುದೂ ಸಂಘವೇ. ನೇಕಾರ ಸಾವುಕಾರನ ಪುಸ್ತಕದಿಂದ ಹೊರಬಂದದ್ದು ಹಾಗೆ. 1954ರಲ್ಲಿ ಸೋಮಪ್ಪನವರಿಗೆ ಪದ್ಮಶ್ರೀ ಸಿಕ್ಕಿತು. ಆ ಪ್ರಶಸ್ತಿ ಹುಟ್ಟಿದ್ದೇ ಆ ವರ್ಷ. ಸ್ವತಂತ್ರ ಭಾರತದ ಹೊಸ ಸರ್ಕಾರವೂ ಆಗ ಕೈಮಗ್ಗವನ್ನು ಬರೀ ಸಲಕರಣೆಯಾಗಿ ನೋಡಲಿಲ್ಲ. 1952ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿ ಬಂತು, 1953ರಲ್ಲಿ ಗಿರಣಿ ಬಟ್ಟೆಯ ಮೇಲೆ ಗಜಕ್ಕೆ ಮೂರು ಪೈ ತೆರಿಗೆ ಹಾಕಿ ಆ ದುಡ್ಡನ್ನು ಖಾದಿ ಮತ್ತು ಕೈಮಗ್ಗಕ್ಕೆ ತಿರುಗಿಸಿದರು. ಗಿರಣಿಯ ಲಾಭದಿಂದ ಮಗ್ಗಕ್ಕೆ ನೆರವು! ಇಂದು ಅಂಥದೊಂದು ಮಸೂದೆಯನ್ನು ಯಾರಾದರೂ ಮಂಡಿಸಿಯಾರು ಎಂದು ಊಹಿಸುವುದೂ ಕಷ್ಟ. ಅದೇ ಹೆಸರಿನ ಕೈಮಗ್ಗ ಮಂಡಳಿಯನ್ನು 2020ರ ಜುಲೈನಲ್ಲಿ ರದ್ದುಮಾಡಿದರು. ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನಕ್ಕೆ ಎರಡು ವಾರವೂ ಉಳಿದಿರಲಿಲ್ಲ. ಸಹಕಾರ ಸಂಘ, ನಿಗಮಗಳ ಕಥೆ ಹೇಳಹೊರಟರೆ ಬೇರೆ ಪುರವಣಿಯೇ ಬೇಕು. ಆಂಧ್ರದ ನೇಕಾರರ ಸಹಕಾರ ಮಹಾಮಂಡಳ ಆಪ್ಕೊ ಇರಲಿ, ನಮ್ಮ ಕೈಮಗ್ಗ ಅಭಿವೃದ್ಧಿ ನಿಗಮ ಕೆಎಚ್‌ಡಿಸಿ ಇರಲಿ, ಬಾಕಿಯ ಲೆಕ್ಕವೇ ನೇಯ್ಗೆಯ ಲೆಕ್ಕಕ್ಕಿಂತ ದೊಡ್ಡದಾಗಿದ್ದನ್ನು ನೇಕಾರರು ಕಂಡಿದ್ದಾರೆ.

ಮೋಟಾರಿನ ವಿಷಯಕ್ಕೆ ವಾಪಸು ಬರೋಣ, ಅಲ್ಲೊಂದು ತೊಡಕಿದೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯ ಪ್ರಕಾರ ವಿದ್ಯುತ್ ಮಗ್ಗವಲ್ಲದ ಮಗ್ಗವೇ ಕೈಮಗ್ಗ. ಮೊದಲು 22 ಬಗೆಯ ಬಟ್ಟೆಗಳು ಕೈಮಗ್ಗಕ್ಕೆ ಮೀಸಲಾಗಿದ್ದವು, 1996ರಲ್ಲಿ ಅದು 11ಕ್ಕೆ ಇಳಿಯಿತು. ಜಕಾರ್ಡು ಎತ್ತಲು ಮೋಟಾರು, ಲಾಳಿ ಹೊಡೆಯಲು ಕೈ ಎಂದಾದರೆ ಅದು ಯಾವ ಮಗ್ಗ? ಮಂಡಿನೋವಿನ ನೇಕಾರನಿಗೆ ಅದು ಕೈಮಗ್ಗವೇ. ಆದರೆ 2012ರ ಸುಮಾರಿಗೆ ಒಂದಾದರೂ ಕೆಲಸ ಕೈಯಿಂದ ನಡೆದರೆ ಅದನ್ನು ಕೈಮಗ್ಗ ಎನ್ನೋಣ ಎಂಬ ಪ್ರಸ್ತಾವ ಬಂದಾಗ ನೇಕಾರ ಸಂಘಟನೆಗಳೇ ಎದ್ದುನಿಂತು ವಿರೋಧಿಸಿದವು. ಅವರ ಅಂಜಿಕೆಗೆ ಕಾರಣವಿತ್ತು. ಆ ಒಂದು ಸಂದಿಯಿಂದ ಇಡೀ ವಿದ್ಯುತ್ ಮಗ್ಗ ಒಳಗೆ ಬರುತ್ತದೆ, ಬಂದು ಕೈಮಗ್ಗದ ಹೆಸರಿನಲ್ಲೇ ಸಹಾಯಧನ ಎಣಿಸಿಕೊಳ್ಳುತ್ತದೆ. ಧರ್ಮಾವರದಲ್ಲಿ ಮೀಸಲು ಬಟ್ಟೆಯನ್ನು ವಿದ್ಯುತ್ ಮಗ್ಗದಲ್ಲಿ ನೇಯುವುದರ ವಿರುದ್ಧ ಕೈಮಗ್ಗದವರು ಬೀದಿಗಿಳಿದದ್ದು ಒಂದೆರಡು ಸಲವಲ್ಲ. ಕಾನೂನು ಕಾಗದದ ಮೇಲಿದೆ. ಸೂರತ್ತಿನ ವಿದ್ಯುತ್ ಮಗ್ಗದ ಸೀರೆ ಅಂಗಡಿಯ ಕಪಾಟಿನಲ್ಲಿದೆ.

ಸರ್ಕಾರಗಳಿಗೂ ಇದರಲ್ಲಿ ಒಂದು ಕಡೆ ನಿಲ್ಲಲು ಆಗಿಲ್ಲ. 2025ರ ಕೈಮಗ್ಗ ದಿನದಂದು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಕೈಮಗ್ಗಕ್ಕೆ ತಿಂಗಳಿಗೆ 200 ಯೂನಿಟ್ ಉಚಿತ ವಿದ್ಯುತ್ ಘೋಷಿಸಿದರು, ಅದೇ ಉಸಿರಿನಲ್ಲಿ ವಿದ್ಯುತ್ ಮಗ್ಗಕ್ಕೆ 500 ಯೂನಿಟ್. ಕರ್ನಾಟಕ 2023ರಲ್ಲೇ 10 ಎಚ್‌ಪಿವರೆಗಿನ ವಿದ್ಯುತ್ ಮಗ್ಗಗಳಿಗೆ ಉಚಿತ ವಿದ್ಯುತ್ ಕೊಟ್ಟಿದೆ. ವಿದ್ಯುತ್ ಮಗ್ಗದವರೂ ಬಡವರೇ, ಅವರಲ್ಲಿ ಬಹಳ ಮಂದಿ ಹಿಂದೆ ಕೈಮಗ್ಗದವರೇ; ಅವರಿಗೆ ಕೊಡಬೇಡಿ ಎನ್ನಲು ಮನಸ್ಸು ಬಾರದು. ಆದರೂ ಕೈಮಗ್ಗವನ್ನು ಯಾರಿಂದ ಕಾಪಾಡಬೇಕೆಂದು ಸಹಾಯಧನ ಕೊಡುತ್ತೇವೋ ಅವರಿಗೂ ಸಹಾಯಧನ ಕೊಡುತ್ತಿದ್ದೇವೆ ಎಂಬುದನ್ನು ಯಾವ ಇಲಾಖೆಯೂ ಒಂದೇ ಹಾಳೆಯ ಮೇಲೆ ಬರೆದು ನೋಡಿದಂತಿಲ್ಲ.

ರಾಯದುರ್ಗದಲ್ಲಿ ಹೊಸ ತಲೆಮಾರಿನ ಮುಂದೆ ಇನ್ನೊಂದು ಬಾಗಿಲು ತೆರೆದಿದೆ. ಬಳ್ಳಾರಿಯ ಹಾಗೇ ಇಲ್ಲೂ ಜೀನ್ಸ್ ಹೊಲಿಯುವ ಘಟಕಗಳು ಮನೆಮನೆಯಲ್ಲಿವೆ. ಹೊಲಿಗೆಯ ಕೆಲಸಕ್ಕೆ ವಾರದ ಬಟವಾಡೆ, ಕಲಿಯಲು ಕೆಲವೇ ತಿಂಗಳು. ಮಗ್ಗ ಕಲಿಯಲು ವರ್ಷಗಳು, ಸೀರೆ ಇಳಿದ ಮೇಲೆ ಮಜೂರಿ, ಅದರಲ್ಲೂ ನೂಲು ಹಾಳಾಯಿತೆಂದು ಕಡಿತ. ಹದಿನೆಂಟರ ಹುಡುಗನಿಗೆ ಶೇ 90ರ ಸಹಾಯಧನದ ಜಕಾರ್ಡು ತೋರಿಸಿದರೆ ಅವನು ನಗದೇ ಇನ್ನೇನು ಮಾಡಿಯಾನು?

ಮಡಕಶಿರದ್ದು ಬೇರೆ ಕಥೆ. ಈ ಸೀಮೆ ಹಿಪ್ಪುನೇರಳೆಯ ಸೀಮೆ. ಪಕ್ಕದ ಹಿಂದೂಪುರದಲ್ಲಿ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯಿದೆ. ಗೂಡು ಇಲ್ಲಿಯದು, ಆದರೆ ಬಿಚ್ಚಿದ ನೂಲಿನ ಬೆಲೆ ತೀರ್ಮಾನವಾಗುವುದು ರಾಮನಗರ, ಶಿಡ್ಲಘಟ್ಟ, ಬೆಂಗಳೂರುಗಳಲ್ಲಿ. ಕೇಂದ್ರದ ಕಚ್ಚಾ ಸಾಮಗ್ರಿ ಯೋಜನೆಯಲ್ಲಿ ರೇಷ್ಮೆ, ಹತ್ತಿ, ಉಣ್ಣೆ ನೂಲಿಗೆ ಶೇ 15 ರಿಯಾಯಿತಿ ಇದೆ. ನೂಲಿನ ಬೆಲೆ ಒಂದು ಹಂಗಾಮಿನಲ್ಲಿ ಅದಕ್ಕಿಂತ ಹೆಚ್ಚು ಕುಣಿದರೆ ಆ ರಿಯಾಯಿತಿ ಎಲ್ಲಿ ಹೋಯಿತೆಂದು ತಿಳಿಯುವುದೂ ಇಲ್ಲ.

ಇಲ್ಲಿ ರೇಷ್ಮೆಗಿಂತ ಹಳೆಯದು ಕಂಬಳಿ. ಇಲ್ಲಿಂದ ಚಳ್ಳಕೆರೆವರೆಗಿನ ಬಯಲು ಕುರಿಗಾರರ ಬಯಲು. ಕುರುಬರ ಮನೆಯ ಹೆಂಗಸರು ಕರಿ ಉಣ್ಣೆ ನೂತರು, ಗಂಡಸರು ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿದ ಹಾಸನ್ನು ಗುಂಡಿಮಗ್ಗಕ್ಕೆ ಏರಿಸಿ ನೇಯ್ದರು. ಆ ಗಂಜಿ ಇರುವುದರಿಂದಲೇ ಹೊಸ ಕಂಬಳಿ ಹಲಗೆಯ ಹಾಗೆ ನಿಲ್ಲುತ್ತದೆ, ಮಳೆಯಲ್ಲಿ ಹೊದ್ದರೆ ನೀರು ಜಾರುತ್ತದೆ. 1985ರ ಕಾಯ್ದೆಯಲ್ಲಿ ಉಳಿದ ಆ 11 ಮೀಸಲು ಬಟ್ಟೆಗಳಲ್ಲಿ ಕಂಬಳಿಯೂ ಒಂದು. ಅಂದರೆ ಕಾನೂನಿನ ಕಣ್ಣಿಗೆ ಕಂಬಳಿಯವನು ಕೈಮಗ್ಗದವನೇ. ಆದರೆ ಅವನ ಕುರಿ ಪಶುಸಂಗೋಪನೆಯವರದು, ಉಣ್ಣೆ ಜೋಧಪುರದಲ್ಲಿರುವ ಕೇಂದ್ರೀಯ ಉಣ್ಣೆ ಮಂಡಳಿಯದು, ಮೇವಿನ ಕಾವಲು ಕಂದಾಯದವರದು. ಕುರಿಯ ಮೇಲೆ ಸಹಾಯಧನ ಬಂದಾಗ ಸರ್ಕಾರಕ್ಕೆ ಬೇಕಾದದ್ದು ಮಾಂಸ. ಹಾಗಾಗಿ ಉಣ್ಣೆಯ ದಖ್ಖನಿ ಕುರಿಯ ಜಾಗಕ್ಕೆ ಕೂದಲಿನ ನೆಲ್ಲೂರು ತಳಿ ಬಂತು. ಗಡಿಯ ಈಚೆ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯಿತು, ಮೇಯುವ ನೆಲ ಬೇಲಿಯೊಳಗೆ ಸೇರಿತು. ಕಂಬಳಿ ಮಗ್ಗಕ್ಕೆ ಶೇ 90 ಕೊಟ್ಟು ಏನು ಪ್ರಯೋಜನ, ಅದಕ್ಕೆ ಏರಿಸುವ ಉಣ್ಣೆಯೇ ಊರಲ್ಲಿ ಇಲ್ಲದ ಮೇಲೆ? ಈ ಒಂದು ಉದಾಹರಣೆ ನನಗೆ ರೇಷ್ಮೆಯ ಎಲ್ಲ ಲೆಕ್ಕಗಳಿಗಿಂತ ಹೆಚ್ಚು ಹೇಳಿತು. ಮಗ್ಗ ಒಂದು ಸಾಲಿನ ನಡುವಿನ ವಸ್ತು. ಹಿಂದಿನ ಕೊಂಡಿ ಕಳಚಿದರೆ ನಡುವಿನದಕ್ಕೆ ಎಷ್ಟು ಎಣ್ಣೆ ಹಾಕಿದರೂ ಅದು ತಿರುಗದು.

ಹಾಗಾದರೆ ಏನು ಮಾಡಬೇಕಿತ್ತು? ದೊಡ್ಡ ಪಟ್ಟಿ ಕೊಡುವ ಯೋಗ್ಯತೆ ನನಗಿಲ್ಲ. ಒಂದೆರಡು ಮಾತು ಮಾತ್ರ. ಸಹಾಯಧನ ಮಗ್ಗದ ಮಾಲೀಕನ ಬದಲು ಮಗ್ಗದ ಮುಂದೆ ಕೂತವನಿಗೆ, ಕೂತವಳಿಗೆ ಸಿಗಬೇಕು. ಇದನ್ನು ಮಾಡಲಾಗದು ಎನ್ನುವಂತಿಲ್ಲ. ಆಂಧ್ರದಲ್ಲೇ ನೇಕಾರರಿಗೆ 50 ವರ್ಷಕ್ಕೇ ಪಿಂಚಣಿ ಶುರುವಾಗುತ್ತದೆ, 2024ರ ಜುಲೈನಿಂದ ತಿಂಗಳಿಗೆ 4,000 ರೂಪಾಯಿ. ಅಲ್ಲಿ ನೋಡುವುದು ಆಳನ್ನು, ಆಸ್ತಿಯನ್ನಲ್ಲ. ಐವತ್ತಕ್ಕೇ ನೇಕಾರ ಮುದುಕನಾಗುತ್ತಾನೆ ಎಂದು ಒಪ್ಪಿಕೊಂಡ ಸರ್ಕಾರ, ಐವತ್ತರವರೆಗೆ ಅವನ ಮಂಡಿ ಉಳಿಸುವ ಯಂತ್ರವನ್ನು ಕೂಲಿಮಗ್ಗಕ್ಕೂ ಕೊಡಿಸಬಹುದಲ್ಲವೇ? ಇನ್ನೊಂದು, ಮುದ್ರಾ ಸಾಲ. ನೇಕಾರರಿಗೆ ಶೇ 6ರ ಬಡ್ಡಿಯಲ್ಲಿ ಸಾಲ, ನೇಕಾರ ಕೈಯಿಂದ ಹಾಕಬೇಕಾದ ಮಾರ್ಜಿನ್ ಹಣದ ಒಂದಿಷ್ಟು ಪಾಲೂ ಕೇಂದ್ರದ್ದೇ. ಸಲಕರಣೆಯ ಯೋಜನೆಯನ್ನೂ ಈ ಸಾಲವನ್ನೂ ಒಂದೇ ಅರ್ಜಿಯಲ್ಲಿ ಜೋಡಿಸಿದರೆ, ಮಗ್ಗ ಬಂದಿಳಿದ ದಿನವೇ ಮೊದಲ ಹಾಸಿನ ನೂಲೂ ಬಂದಿಳಿಯುತ್ತದೆ. ನೂಲಿಲ್ಲದ ಮಗ್ಗವನ್ನು ಸಾವುಕಾರನ ಮನೆಗೆ ಒಪ್ಪಿಸುವ ಅಗತ್ಯ ಬೀಳುವುದಿಲ್ಲ.

ಇದೆಲ್ಲಕ್ಕೂ ಮೊದಲ ಕಾಗದ ಗುರುತಿನ ಚೀಟಿ. ನೇಕಾರ ಎಂದು ಕೇಂದ್ರ ಒಪ್ಪಬೇಕಾದರೆ 'ಪೆಹಚಾನ್' ಕಾರ್ಡು ಬೇಕು, ಆ ಕಾರ್ಡು ಗಣತಿಯಿಂದ ಹುಟ್ಟಿದ್ದು. 1995ರ ಎರಡನೇ ಗಣತಿಯಲ್ಲಿ ದೇಶದಲ್ಲಿ 65 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಿದ್ದರು. 2009-10ರಲ್ಲಿ 43 ಲಕ್ಷ. ನಾಲ್ಕನೆಯದರಲ್ಲಿ 35 ಲಕ್ಷ. ಆ 35 ಲಕ್ಷದಲ್ಲಿ ಶೇ 72ರಷ್ಟು ಹೆಂಗಸರು. ಗಣತಿದಾರ ಬಾಗಿಲಿಗೆ ಬಂದು ಮಗ್ಗ ಯಾರದು ಎಂದು ಕೇಳಿದಾಗ ಮನೆಯ ಯಜಮಾನನ ಹೆಸರು ಹೇಳುವುದು ರೂಢಿ. ಮಗ್ಗ ಅವನದು ಎಂದು ಬರೆಯುತ್ತಾರೆ. ಮಹಿಳೆಯರಿಗೆ ಶೆಡ್ಡಿಗೆ ಪೂರ್ತಿ ಸಹಾಯಧನ, ಉಳಿದವರಿಗೆ ಮುಕ್ಕಾಲು ಎಂದು ಮೇಲೆ ಹೇಳಿದೆನಲ್ಲ. ಆ ಕಾಲುಭಾಗದ ವ್ಯತ್ಯಾಸ, 1.2 ಲಕ್ಷದ ಶೆಡ್ಡಿಗೆ 30,000 ರೂಪಾಯಿ. ಕಾರ್ಡು ಹೆಂಡತಿಯ ಹೆಸರಿನಲ್ಲೂ ಇದ್ದರೆ ಅಷ್ಟು ಉಳಿಯುತ್ತದೆ. ರಾಯದುರ್ಗವೋ ಮಡಕಶಿರವೋ ಮೊಳಕಾಲ್ಮೂರೋ, ಮುಂದಿನ ಗಣತಿಗೆ ಯಾರಾದರೂ ಬಂದಾಗ ಮಗ್ಗದ ಮುಂದೆ ಕೂತವಳು ಎದ್ದುಬಂದು ತನ್ನ ಹೆಸರನ್ನೂ ಬರೆಸಲಿ. ಅದಕ್ಕೆ ಶೇ 10ರ ಮುಂಗಡವೂ ಬೇಕಿಲ್ಲ.